ಶಿಕಾಗೋದ ಅಳತೆಗೋಲು, ತುಳುನಾಡಿನ ನಂಬಿಕೆ

‘ದೇವರು ಈ ಜಗತ್ತನ್ನು ಸೃಷ್ಟಿಸಿದನೆಂದು ನಂಬುತ್ತೇನೆ.’ ಧರ್ಮದ ಕುರಿತು ಕಾಲೇಜು ವಿದ್ಯಾರ್ಥಿಗಳ ಮನೋಭಾವವನ್ನು ಅಳೆಯುವ ಪ್ರಶ್ನಾವಳಿಗಳಲ್ಲಿ ಇಂಥ ಹೇಳಿಕೆಗಳಿರುತ್ತವೆ. ಪಕ್ಕದಲ್ಲಿ ಐದು ಆಯ್ಕೆ. ಅಂಕ ಕೂಡಿಸಿದರೆ ವಿದ್ಯಾರ್ಥಿ ಎಷ್ಟು ಧಾರ್ಮಿಕ ಎಂಬ ಸಂಖ್ಯೆ ಸಿಗುತ್ತದೆ.

ಈ ಅಳತೆಗೋಲಿಗೊಂದು ಚರಿತ್ರೆಯಿದೆ. 1929ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಎಲ್. ಎಲ್. ಥರ್ಸ್ಟನ್ ಅವರು ಇ. ಜೆ. ಚೇವ್ ಜೊತೆಗೂಡಿ, ಚರ್ಚ್ ಬಗೆಗಿನ ಮನೋಭಾವವನ್ನು ಅಳೆಯುವ ವಿಧಾನ ಪ್ರಕಟಿಸಿದರು. ಜನರ ಅಭಿಪ್ರಾಯಗಳಿಂದ, ಬರಹಗಳಿಂದ 130 ಹೇಳಿಕೆ ಆಯ್ದು, 300 ಮಂದಿಯ ಕೈಯಲ್ಲಿ ಅವನ್ನು 11 ಗುಂಪುಗಳಾಗಿ ವಿಂಗಡಿಸಿ, ಕೊನೆಗೆ 45 ಉಳಿಸಿಕೊಂಡರು. 1932ರಲ್ಲಿ ರೆನ್ಸಿಸ್ ಲೈಕರ್ಟ್ ಈ ವಿಂಗಡಣೆಯನ್ನೇ ಕೈಬಿಟ್ಟು ಐದು ಆಯ್ಕೆಗಳ ಸುಲಭ ದಾರಿ ತೋರಿಸಿದರು. ಅವರು ಅಳೆದದ್ದೂ ಕಾಲೇಜು ವಿದ್ಯಾರ್ಥಿಗಳನ್ನೇ. ದಾರಿ ಸುಲಭವಾದಂತೆ ಒಂದೂರಿನ ಹೇಳಿಕೆ ಇನ್ನೊಂದೂರಿಗೆ ಹೋಗುವುದೂ ಸುಲಭವಾಯಿತು.

ಆ ಹೇಳಿಕೆಗಳನ್ನು ನಮ್ಮ ಮೂರು ಊರುಗಳಲ್ಲಿಟ್ಟು ನೋಡೋಣ. 1430ರ ಸಾವಿರ ಕಂಬದ ಬಸದಿಯಿರುವ ಮೂಡುಬಿದಿರೆ ‘ಜೈನಕಾಶಿ’. ಜೈನರಲ್ಲಿ ಸೃಷ್ಟಿಕರ್ತ ದೇವರಿಲ್ಲ. ದಶಲಕ್ಷಣ ಪರ್ವದಲ್ಲಿ ಉಪವಾಸವಿರುವ ಹುಡುಗಿ ಮೇಲಿನ ಹೇಳಿಕೆಗೆ ‘ಒಪ್ಪುವುದಿಲ್ಲ’ ಎಂದರೆ ಅದು ಅವಳ ಧರ್ಮಕ್ಕೆ ಸರಿಯಾದ ಉತ್ತರ. ಆದರೆ ಅಂಕಪಟ್ಟಿಯಲ್ಲಿ ಅವಳು ಧರ್ಮದಿಂದ ದೂರ.

ಬಂಟ್ವಾಳದಲ್ಲಿ ‘ಪ್ರಾರ್ಥನಾಲಯಕ್ಕೆ ತಪ್ಪದೆ ಹೋಗುತ್ತೇನೆ’ ಎಂಬ ಹೇಳಿಕೆಯಿಟ್ಟರೆ, ಭಾನುವಾರದ ಪೂಜೆಗೆ ಹೋಗುವ ಕ್ಯಾಥೊಲಿಕ್ ಹುಡುಗಿಗೆ ಪೂರ್ಣ ಅಂಕ. ಮನೆಯಲ್ಲೇ ಐದು ಹೊತ್ತು ನಮಾಜು ಮಾಡುವ ಬ್ಯಾರಿ ಗೆಳತಿಗೆ ಸೊನ್ನೆ. ಮಹಿಳೆಯರಿಗೆ ಶುಕ್ರವಾರದ ಜುಮಾ ಕಡ್ಡಾಯವಲ್ಲ ಎಂಬುದು ಪ್ರಶ್ನಾವಳಿಗೆ ತಿಳಿಯದು.

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಮಂಜುನಾಥ ಶಿವ, ಅರ್ಚಕರು ವೈಷ್ಣವರು, ಹೆಗ್ಗಡೆಯವರು ಜೈನರು, ಜೊತೆಗೆ ಧರ್ಮದೈವಗಳು. ಇಂಥ ಕಡೆ ‘ನನ್ನ ಧರ್ಮವೊಂದೇ ಸತ್ಯ’ ಎಂಬ ಹೇಳಿಕೆಗೆ ಏನನ್ನು ಅಳೆಯಲು ಸಾಧ್ಯ? ಕುಟುಂಬದ ದೈವದ ತಂಬಿಲಕ್ಕೆ ಹೊರಟ ಹುಡುಗನನ್ನು ‘ನಂಬುತ್ತೀಯಾ?’ ಎಂದು ಕೇಳಿದರೆ, ‘ಹೋಗದಿದ್ದರೆ ಆಗುತ್ತದೆಯೇ?’ ಎಂದಾನು. ಅವನಿಗೆ ಅದು ಅಭಿಪ್ರಾಯವಲ್ಲ, ಕಟ್ಟುಕಟ್ಟಳೆ. ಐದು ಆಯ್ಕೆಗಳಲ್ಲಿ ಅದಕ್ಕೆ ಜಾಗವಿಲ್ಲ.

ಇದು ಬರೀ ಸಂಶೋಧನಾ ವಿಧಾನದ ತಕರಾರಲ್ಲ. ಸಮುದಾಯಗಳ ಸರಾಸರಿ ಅಂಕಗಳನ್ನು ಹೋಲಿಸಿ ‘ಇವರು ಹೆಚ್ಚು ಮತನಿಷ್ಠರು, ಅವರು ಕಡಿಮೆ’ ಎನ್ನುವ ಕೋಷ್ಟಕವೊಂದು ಬಂದರೆ, ನಮ್ಮ ಕರಾವಳಿಯಲ್ಲಿ ಅದು ಪ್ರಬಂಧದೊಳಗೇ ಉಳಿಯುವುದಿಲ್ಲ. ಬೀದಿಗೆ ಬಂದಾಗ ಹೇಳಿಕೆ ಯಾವ ಊರಿನದೆಂದು ಯಾರೂ ಕೇಳುವುದಿಲ್ಲ.

ನನ್ನಂಥ ಸಂಶೋಧನಾ ವಿದ್ಯಾರ್ಥಿಗಳು ಥರ್ಸ್ಟನ್ ಅವರಿಂದ ಪಡೆಯಬೇಕಾದದ್ದು ಆ 45 ಹೇಳಿಕೆಗಳನ್ನಲ್ಲ, ಅವುಗಳ ಹಿಂದಿನ ಶ್ರಮವನ್ನು. ಬಸದಿ, ಮಸೀದಿ, ಇಗರ್ಜಿ, ದೈವಸ್ಥಾನಗಳ ಅಂಗಳದ ಮಾತುಗಳನ್ನು ಮೊದಲು ಕೇಳಿ ಬರೆದುಕೊಳ್ಳಬೇಕು. ಅವನ್ನು ವಿಂಗಡಿಸಲು ಈ ಊರುಗಳವರನ್ನೇ ಕೂರಿಸಬೇಕು. ಅಂಕ ಕೂಡಿಸುವ ಕೆಲಸ ಆಮೇಲಿನದು.