ಚಕ್ರವಾಕಕ್ಕೆ ಅಭಯವಿತ್ತ ದೊರೆ

ಫೆಬ್ರುವರಿ ಮುಗಿಯುತ್ತಾ ಬಂದಂತೆ ಬಯಲುಸೀಮೆಯ ಕೆರೆಗಳಲ್ಲಿ ಗಡಿಬಿಡಿ ಶುರುವಾಗುತ್ತದೆ. ಚಳಿಗಾಲಕ್ಕೆಂದು ಬಂದಿಳಿದ ಬಾತುಗಳಿಗೆ ಅದು ಊರಿಗೆ ಮರಳುವ ಕಾಲ. ದೂರದ ಹಾದಿಗೆ ಬೇಕಾದ ಕೊಬ್ಬು ಮೈಗೂಡಲೆಂದು ಅವು ಎಡೆಬಿಡದೆ ಮೇಯುತ್ತವೆ. ಈ ಅತಿಥಿಗಳ ಪೈಕಿ ಎರಡು ಹಕ್ಕಿಗಳ ಕಥೆ ಕೇಳಬೇಕಾದರೆ ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳಿಂದ ಆರಂಭಿಸುವುದು ಒಳ್ಳೆಯದು.

ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿರುವ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ ಬೆಳಕಿಗೆ ತಂದದ್ದು 1892ರಲ್ಲಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೋದ ಈ ಆಜ್ಞೆ ತಂದೆತಾಯಿಯರ ಮಾತು ಕೇಳಿ, ಸತ್ಯ ನುಡಿಯಿರಿ, ಜೀವಿಗಳ ವಿಷಯದಲ್ಲಿ ದೃಢವಾಗಿ ನಡೆದುಕೊಳ್ಳಿ ಎನ್ನುತ್ತದೆ. ಕೆತ್ತಿಸಿದ ಲಿಪಿಕಾರನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರ ಎಂಬುದನ್ನು ಮಾತ್ರ ಆತ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅವನೂ ಉತ್ತರದಿಂದ ವಲಸೆ ಬಂದವನೇ ಇರಬೇಕು!

ಮೊಳಕಾಲ್ಮುರಿನ ಬಂಡೆ ಯಾವ ಪ್ರಾಣಿಯ ಹೆಸರನ್ನೂ ಹೇಳುವುದಿಲ್ಲ. ಹೆಸರು ಹೇಳಿದ್ದು ಮುಂದೆ, ಪಟ್ಟವೇರಿ 26 ವರ್ಷ ಕಳೆದ ಮೇಲೆ, ಉತ್ತರದ ಕಂಬಗಳ ಐದನೆಯ ಶಾಸನದಲ್ಲಿ. ಕೊಲ್ಲಬಾರದ ಜೀವಿಗಳ ಆ ಪಟ್ಟಿಯಲ್ಲಿ ಗಿಳಿ, ಗೊರವಂಕಗಳ ಬೆನ್ನಿಗೇ ಚಕ್ರವಾಕ ಮತ್ತು ಹಂಸ ಬರುತ್ತವೆ. ಉಪದೇಶ ಕಾನೂನಾದದ್ದು ಹೀಗೆ.

ಚಕ್ರವಾಕ ಯಾವುದೆಂಬ ಬಗ್ಗೆ ತಕರಾರಿಲ್ಲ. ಕಿತ್ತಳೆಗಂದು ಮೈ, ಮಾಸಲು ಬಿಳುಪಿನ ತಲೆ. ಇರುಳಲ್ಲಿ ಅಗಲುವ ಜೋಡಿಯೆಂದು ಕವಿಗಳು ಹಾಡಿದ್ದು ಇದನ್ನೇ. ಹಂಸದ ವಿಷಯ ಅಷ್ಟು ಸರಳವಲ್ಲ. ಕ್ಯಾಲೆಂಡರ್ ಚಿತ್ರಗಳ ಉದ್ದ ಕತ್ತಿನ ಬಿಳಿ ಹಕ್ಕಿ ನಮ್ಮ ಕೆರೆಗಳಿಗೆ ಬರುವುದಿಲ್ಲ. ಡಚ್ ವಿದ್ವಾಂಸ ವೋಗೆಲ್ 1962ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರಾಚೀನರ ಹಂಸ ಹೆಬ್ಬಾತೇ ಎಂದು ವಾದಿಸಿದ್ದಾನೆ. ಒಪ್ಪದವರೂ ಇದ್ದಾರೆ, ಆದರೆ ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಗೀರುಗಳಿರುವ ಪಟ್ಟೆತಲೆ ಹೆಬ್ಬಾತನ್ನು ಕಂಡವರಿಗೆ ವೋಗೆಲ್‌ನ ಮಾತು ಹಿಡಿಸುತ್ತದೆ. ಮಾನಸ ಸರೋವರಕ್ಕೆ ಹಾರುವ ಹಂಸದ ಕಲ್ಪನೆಯೂ ಇದಕ್ಕೆ ಹೊಂದುತ್ತದೆ. ಲಡಾಖ್, ಟಿಬೆಟ್, ಮಂಗೋಲಿಯಾಗಳಲ್ಲಿ ಮರಿ ಮಾಡುವ ಈ ಹಕ್ಕಿ ಹಿಮಾಲಯ ದಾಟುತ್ತದೆ; ಉಪಕರಣ ಕಟ್ಟಿ ಬಿಟ್ಟ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ.

ರಾಜ್ಯದಲ್ಲಿ ಇವುಗಳ ಹೆಸರಾಂತ ತಾಣ ಗದಗ ಜಿಲ್ಲೆಯ ಮಾಗಡಿ ಕೆರೆ. ಅದಕ್ಕೂ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೂ 2024ರಲ್ಲಿ ರಾಮ್ಸಾರ್ ಮನ್ನಣೆ ಸಿಕ್ಕಿತು. ಚಳ್ಳಕೆರೆ ಸೀಮೆಗೆ ಆ ಭಾಗ್ಯವಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಇವೂ ಸೇರಿವೆ. ಮಳೆ ಕೈಕೊಟ್ಟ ವರ್ಷ ಕೆರೆಯಂಗಳದಲ್ಲಿ ಜಾಲಿಯೇ ದೊರೆ. ವೇದಾವತಿಯ ಮೇಲ್ದಂಡೆಯ ವಾಣಿವಿಲಾಸ ಸಾಗರವೇ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಬೇಟೆಯನ್ನು ಅಶೋಕ ಅಂದು ತಡೆದ, 1972ರ ವನ್ಯಜೀವಿ ಕಾಯ್ದೆ ಇಂದು ತಡೆಯುತ್ತದೆ. ಆದರೆ ಮಾರ್ಚ್‌ವರೆಗೆ ಕೆರೆಯಲ್ಲಿ ನೀರು ನಿಲ್ಲದಿದ್ದರೆ ಹಕ್ಕಿ ಬೇರೆಡೆ ಹೋಗುತ್ತದೆ. ಹೂಳು ಮತ್ತು ಒತ್ತುವರಿಯ ಪ್ರಶ್ನೆ ಬೇಟೆಗಿಂತ ದೊಡ್ಡದಾಗಿರುವುದು ಇದಕ್ಕೇ.

ನೀರಿರುವ ವರ್ಷ ನೋಡಬಯಸುವವರು ಸಂಜೆ ಹೋಗಬೇಕು. ಹಗಲೆಲ್ಲ ಕೆರೆಯಲ್ಲಿ ತೂಕಡಿಸುವ ಹೆಬ್ಬಾತುಗಳು ಹೊತ್ತಿಳಿದ ಮೇಲೆ ಸಾಲುಕಟ್ಟಿ ಹೊಲಗಳತ್ತ ಹೊರಡುತ್ತವೆ. ದುರ್ಬೀನು ಇಲ್ಲದಿದ್ದರೂ ಚಿಂತೆಯಿಲ್ಲ, ಕಾಣುವ ಮೊದಲೇ ಅವುಗಳ ಕೂಗು ಕೇಳುತ್ತದೆ.