ಹದಿನೇಳನೆಯ ರೋಗಿ

ಡಯಾಲಿಸಿಸ್ ಅನ್ನೋ ಪದ ಈಗ ಯಾರಿಗೆ ಗೊತ್ತಿಲ್ಲ ಹೇಳಿ? ನೆಂಟರಲ್ಲೋ ಪಕ್ಕದ ಬೀದಿಯಲ್ಲೋ ಒಬ್ಬರಾದರೂ ವಾರಕ್ಕೆ ಎರಡು-ಮೂರು ಸಲ ಆಸ್ಪತ್ರೆಗೆ ಹೋಗಿ ಬರುತ್ತಿರುತ್ತಾರೆ. ಆ ಯಂತ್ರದ ಮೊದಲ ಅವತಾರ ಹುಟ್ಟಿದ್ದು ಹಾಲೆಂಡಿನ ಕಾಂಪೆನ್ ಎಂಬ ಪುಟ್ಟ ಊರಲ್ಲಿ.

ಅದು 1943. ದೇಶ ಜರ್ಮನ್ನರ ವಶದಲ್ಲಿತ್ತು, ಏನು ಬೇಕೆಂದರೂ ಸಿಗುತ್ತಿರಲಿಲ್ಲ. ವಿಲೆಮ್ ಕೊಲ್ಫ್ ಎಂಬ 32ರ ಹರೆಯದ ಡಾಕ್ಟರು ಮರದ ಪಟ್ಟಿಗಳ ಪೀಪಾಯಿಯೊಂದಕ್ಕೆ ಸಾಸೇಜ್ ತುಂಬುವ ಸೆಲೋಫೇನ್ ಕೊಳವೆ ಸುತ್ತಿದರು. ಊರಿನ ಎನಾಮೆಲ್ ಕಾರ್ಖಾನೆಯವರು ಕೈಜೋಡಿಸಿದರು. ತಿರುಗುವ ಪೀಪಾಯಿಗೆ ರಕ್ತ ಸೋರದಂತೆ ಜೋಡಣೆ ಮಾಡುವ ಉಪಾಯ ಸಿಕ್ಕಿದ್ದು ಫೋರ್ಡ್ ಕಾರಿನ ವಾಟರ್ ಪಂಪಿನಿಂದ! ಕೊಳವೆಯೊಳಗೆ ರೋಗಿಯ ರಕ್ತ, ಹೊರಗೆ ತೊಟ್ಟಿಯಲ್ಲಿ ಉಪ್ಪುನೀರು. ಸೆಲೋಫೇನಿನ ಸೂಕ್ಷ್ಮ ರಂಧ್ರಗಳ ಮೂಲಕ ಯೂರಿಯಾ ನೀರಿಗಿಳಿಯುತ್ತದೆ, ದಪ್ಪನೆಯ ರಕ್ತಕಣಗಳು ಒಳಗೇ ಉಳಿಯುತ್ತವೆ. ಇಷ್ಟೇ ವಿದ್ಯೆ.

ಆದರೆ ಮೊದಲ 16 ರೋಗಿಗಳಲ್ಲಿ 15 ಮಂದಿ ತೀರಿಕೊಂಡರು. ಉಳಿದ ಒಬ್ಬರು ಯಂತ್ರದಿಂದಲೇ ಬದುಕಿದರು ಅನ್ನೋ ಹಾಗೂ ಇರಲಿಲ್ಲ. ನಮ್ಮ ಆಫೀಸುಗಳಲ್ಲಾಗಿದ್ದರೆ ಮೂರನೇ ಸೋಲಿಗೇ ಪ್ರಾಜೆಕ್ಟ್ ಮುಚ್ಚುತ್ತಿದ್ದರು ಬಿಡಿ.

1945ರ ಸೆಪ್ಟೆಂಬರಿನಲ್ಲಿ ಹದಿನೇಳನೆಯವರಾಗಿ ಬಂದದ್ದು 67 ವರ್ಷದ ಹೆಂಗಸು, ಪ್ರಜ್ಞೆಯಿರಲಿಲ್ಲ. ನಾಜಿಗಳ ಪರ ಇದ್ದವಳೆಂದು ಆಕೆಯನ್ನು ಯುದ್ಧ ಮುಗಿದ ಮೇಲೆ ಸೆರೆಯಲ್ಲಿಟ್ಟಿದ್ದರು. ಊರಿನಲ್ಲಿ ಆಕೆಗಾಗಿ ಮರುಗುವವರು ಕಡಿಮೆ. ಕೊಲ್ಫ್ ಸ್ವತಃ ನಾಜಿ ವಿರೋಧಿ. ಆದರೂ ಯಂತ್ರಕ್ಕೆ ಹಾಕಿದರು. ಆಕೆ ಕಣ್ಣುಬಿಟ್ಟಳು! ಎದ್ದವಳೇ ಗಂಡನಿಗೆ ಡೈವೋರ್ಸ್ ಕೊಡ್ತೀನಿ ಅಂದಳಂತೆ, ಕೊಲ್ಫ್ ಹೇಳುತ್ತಿದ್ದ ಕಥೆ. ಮುಂದೆ ಹಲವು ವರ್ಷ ಬದುಕಿದಳು.

ಆದರೆ ಒಂದು ತೊಡಕು ಉಳಿದಿತ್ತು. ಪ್ರತಿ ಸಲವೂ ಹೊಸ ರಕ್ತನಾಳ ಕುಯ್ಯಬೇಕು, ಕೆಲವು ಸಲಕ್ಕೇ ನಾಳಗಳು ಮುಗಿಯುತ್ತವೆ. ಹಾಗಾಗಿ ತಾತ್ಕಾಲಿಕವಾಗಿ ಕೈಕೊಟ್ಟ ಕಿಡ್ನಿಗಷ್ಟೇ ಈ ಯಂತ್ರ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ಕೈಯಲ್ಲೇ ಕಾಯಂ ಉಳಿಸಿದರು. ಹೀಗೆ ಡಯಾಲಿಸಿಸ್ ಪಡೆದ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಮತ್ತೆ 11 ವರ್ಷ ಬದುಕಿದರು.

ಈಗ ಯಂತ್ರ ಕೆಲವೇ, ಕಾಯುವವರು ಸಾಲುಸಾಲು. ಯಾರಿಗೆ ಕೊಡೋದು? ಏಳು ಜನರ ಸಮಿತಿ ಮಾಡಿದರು. ಅದರಲ್ಲಿ ಒಬ್ಬ ವಕೀಲ, ಪಾದ್ರಿ, ಬ್ಯಾಂಕಿನವ, ಗೃಹಿಣಿ ಎಲ್ಲ ಇದ್ದರು. ಸಂಬಳ, ಮಕ್ಕಳೆಷ್ಟು, ಚರ್ಚಿಗೆ ಹೋಗ್ತಾರಾ ಅಂತೆಲ್ಲ ನೋಡಿ ಆರಿಸುತ್ತಿದ್ದರು. 1962ರಲ್ಲಿ ಲೈಫ್ ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಇದನ್ನೆಲ್ಲ ಬರೆದಾಗ ದೊಡ್ಡ ಗಲಾಟೆಯಾಯಿತು.

ಕಾಂಪೆನ್ನಿನ ಆ ಹೆಂಗಸು ಈ ಸಮಿತಿಯ ಮುಂದೆ ಬಂದಿದ್ದರೆ ಪಾಸಾಗುತ್ತಿದ್ದಳಾ? ನನಗಂತೂ ಅನುಮಾನ. 1972ರಲ್ಲಿ ಅಮೆರಿಕ ಸರ್ಕಾರವೇ ಖರ್ಚು ಹೊರುವ ಕಾನೂನು ಬಂತು. ಆಮೇಲೆ ಅಲ್ಲಿ ಇಂಥ ಸಮಿತಿಗಳಿಗೆ ಕೆಲಸ ಉಳಿಯಲಿಲ್ಲ.