ಯಾದವಗಿರಿಯ ಮೋಟಾರ್‌ಸೈಕಲ್ಲು, ವಿದರ್ಭದ ಬಿಸಿಲು

ಭಾರತದ ರಸ್ತೆಗಳ ಚರಿತ್ರೆಯಲ್ಲಿ ನಾಗಪುರಕ್ಕೆ ಪ್ರತ್ಯೇಕ ಸ್ಥಾನವಿದೆ. ಅಂದಿನ ಮಧ್ಯಪ್ರಾಂತ ಮತ್ತು ಬೇರಾರ್‌ನ ರಾಜಧಾನಿಯಾಗಿದ್ದ ಈ ನಗರದಲ್ಲಿ 1943ರ ಡಿಸೆಂಬರ್‌ನಲ್ಲಿ ಪ್ರಾಂತಗಳ ಹಾಗೂ ಸಂಸ್ಥಾನಗಳ ಮುಖ್ಯ ಎಂಜಿನಿಯರುಗಳು ಸೇರಿದರು. ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿಯಿಂದ ಹಳ್ಳಿಯ ರಸ್ತೆಯವರೆಗೆ ಐದು ವರ್ಗಗಳಾಗಿ ವಿಂಗಡಿಸಿದ ಅವರು, ಇಪ್ಪತ್ತು ವರ್ಷಗಳಲ್ಲಿ ಪ್ರತಿ 100 ಚದರ ಕಿಲೋಮೀಟರ್ ಪ್ರದೇಶಕ್ಕೆ 16 ಕಿಲೋಮೀಟರ್ ರಸ್ತೆ ಇರಬೇಕೆಂಬ ಗುರಿಯನ್ನು ಹಾಕಿಕೊಂಡರು. ಮುಂದೆ ‘ನಾಗಪುರ ಯೋಜನೆ’ ಎಂದೇ ಹೆಸರಾದ ಆ ಗುರಿ 1961ರ ಹೊತ್ತಿಗೆ ಕೈಗೂಡಿತು. ಅದೇ ವರ್ಷ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯ ಮೊದಲ ಮೋಟಾರ್‌ಸೈಕಲ್ಲುಗಳು ಹೊರಬಿದ್ದವು. ವಾರಾಣಸಿಯಿಂದ ನಾಗಪುರ, ಹೈದರಾಬಾದ್, ಬೆಂಗಳೂರುಗಳ ಮೂಲಕ ಕನ್ಯಾಕುಮಾರಿಯನ್ನು ಮುಟ್ಟುತ್ತಿದ್ದ ಹಳೆಯ 7ನೇ ರಾಷ್ಟ್ರೀಯ ಹೆದ್ದಾರಿ ದಖ್ಖನ್ನಿನ ಈ ಎರಡು ಸೀಮೆಗಳನ್ನು ಒಂದೇ ದಾರಿಯಲ್ಲಿ ಕೂಡಿಸಿತ್ತು. ಮೈಸೂರಿನಲ್ಲಿ ಹುಟ್ಟಿದ ಯಂತ್ರವೊಂದು ವಿದರ್ಭದ ಮನೆಯ ಅಂಗಳದಲ್ಲಿ ಅರವತ್ತು ವರ್ಷಗಳ ಬಳಿಕವೂ ಬಿಚ್ಚಿಸಿಕೊಂಡು, ಮತ್ತೆ ಜೋಡಿಸಿಕೊಂಡು ಓಡಬಲ್ಲದೆಂಬುದರ ಕಾರಣಗಳನ್ನು ಹುಡುಕಲು ಆ ಕಾರ್ಖಾನೆಯ ಇತಿಹಾಸವನ್ನೂ ಯಂತ್ರದ ಒಳರಚನೆಯನ್ನೂ ಜೊತೆಜೊತೆಯಾಗಿ ಓದಬೇಕಾಗುತ್ತದೆ.

ಮೋಟಾರು ವಾಹನಗಳನ್ನು ಈ ನೆಲದಲ್ಲಿಯೇ ತಯಾರಿಸಬೇಕೆಂಬ ವಿಚಾರ ಮೈಸೂರಿಗೆ ಹೊಸದಾಗಿರಲಿಲ್ಲ. ಸಂಸ್ಥಾನದ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪ್ ಮತ್ತು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲಿ ಕಾರು ತಯಾರಿಕೆಗೆ ಯೋಜನೆಯೊಂದನ್ನು ಸಿದ್ಧಪಡಿಸಿ, ವಸಾಹತು ಸರ್ಕಾರದ ಉದಾಸೀನದ ನಡುವೆಯೂ ಅದಕ್ಕಾಗಿ ವರ್ಷಗಟ್ಟಲೆ ವಾದಿಸಿದರು. 1960ರಲ್ಲಿ ನಾಗಪುರದಲ್ಲಿ ಆರಂಭವಾದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿಗೆ ಅವರ ಹೆಸರೇ ಬಂದಿತು. ಇಂದು ಅದು ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. ಕಾರಿನ ಕನಸು ಮೈಸೂರಿನಲ್ಲಿ ನನಸಾಗಲಿಲ್ಲವಾದರೂ ಎರಡು ಚಕ್ರದ ವಾಹನ ಅಲ್ಲಿ ನೆಲೆಯೂರಿತು.

ಜಾವಾ ಎಂಬುದು 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಪ್ರಾಗ್‌ನಲ್ಲಿ ಆರಂಭಿಸಿದ ಮೋಟಾರ್‌ಸೈಕಲ್ ಸಂಸ್ಥೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಆಕ್ರಮಣದ ಅಡಿಯಲ್ಲಿದ್ದಾಗಲೇ ಅದರ ಎಂಜಿನಿಯರುಗಳು ಗುಟ್ಟಾಗಿ ಹೊಸ ಮಾದರಿಯೊಂದನ್ನು ರೂಪಿಸಿದರು, ಮತ್ತು 1946ರಲ್ಲಿ ಬೆಳಕು ಕಂಡ ಆ 250 ಸಿಸಿ ಯಂತ್ರವೇ ಮುಂದಿನ ಜಾವಾಗಳಿಗೆಲ್ಲ ತಳಹದಿಯಾಯಿತು. 1950ರ ದಶಕದಲ್ಲಿ ಮುಂಬಯಿಯ ಐಡಿಯಲ್ ಮೋಟಾರ್ಸ್ ಈ ವಾಹನಗಳನ್ನು ಭಾರತಕ್ಕೆ ತರಿಸುತ್ತಿತ್ತು. ವಿದೇಶಿ ವಿನಿಮಯವನ್ನು ಉಳಿಸಲು ಸರ್ಕಾರ ಆಮದಿಗೆ ಕಡಿವಾಣ ಹಾಕಿದಾಗ, ಆ ವ್ಯಾಪಾರವನ್ನು ನಡೆಸುತ್ತಿದ್ದ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರು ಜೆಕೊಸ್ಲೊವಾಕಿಯದ ಪರವಾನಗಿ ಪಡೆದು ಮೈಸೂರಿನಲ್ಲಿ ಕಾರ್ಖಾನೆ ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ 1961ರಲ್ಲಿ ಅದನ್ನು ಉದ್ಘಾಟಿಸಿದರು. ಮದರಾಸಿನಲ್ಲಿ 1955ರಲ್ಲಿ ಆರಂಭವಾಗಿದ್ದ ಎನ್‌ಫೀಲ್ಡ್, ಕೆಲವು ವರ್ಷಗಳ ಬಳಿಕ ಬಂದ ಎಸ್ಕಾರ್ಟ್ಸ್‌ನವರ ರಾಜ್‌ದೂತ್, ಮೈಸೂರಿನ ಜಾವಾ — ಇವು ಮುಂದಿನ ಎರಡು ದಶಕಗಳ ಕಾಲ ದೇಶದ ಮೋಟಾರ್‌ಸೈಕಲ್ ಮಾರುಕಟ್ಟೆಯನ್ನು ಹಂಚಿಕೊಂಡವು. ಜಾವಾ ಹೆಸರಿನ ಪರವಾನಗಿ ಮುಗಿಯುತ್ತ ಬಂದಂತೆ 1973ರಿಂದ ಮೈಸೂರಿನ ವಾಹನಗಳ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂದಿತು, ಮತ್ತು 1978ರಲ್ಲಿ ಬಂದ ರೋಡ್‌ಕಿಂಗ್ ಆ ಹೆಸರನ್ನು ಮನೆಮಾತಾಗಿಸಿತು.

ಈ ಯಂತ್ರದ ಮೂಲ ಗುಣ ಅದರ ಸರಳತೆ. 65 ಮಿಲಿಮೀಟರ್ ವ್ಯಾಸ, 75 ಮಿಲಿಮೀಟರ್ ಓಟದ ಒಂದೇ ಸಿಲಿಂಡರ್, ಎರಡು ಹೊಗೆಕೊಳವೆ, ಕವಾಟಗಳಿಲ್ಲದ ಟು-ಸ್ಟ್ರೋಕ್ ಎಂಜಿನ್, ಅಂದರೆ ಪಿಸ್ಟನ್ ಮೇಲೆ ಹೋಗಿ ಕೆಳಗೆ ಬರುವ ಒಂದೇ ಸುತ್ತಿನಲ್ಲಿ ಇಂಧನವನ್ನು ಒಳಗೆಳೆದುಕೊಂಡು, ಉರಿಸಿ, ಹೊಗೆಯನ್ನು ಹೊರಹಾಕುವ ಎಂಜಿನ್. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ತಿರುಗಿಸಿದರೆ ಅದು ಗೇರ್ ಸನ್ನೆಯಾಗುತ್ತಿತ್ತು, ಮತ್ತು ಗೇರ್ ಬದಲಿಸುವಾಗ ಕಾಲಿನ ಒತ್ತಡಕ್ಕೆ ಕ್ಲಚ್ ತಾನಾಗಿಯೇ ಬಿಡುತ್ತಿತ್ತು. ಅಧಿಕೃತ ದುರಸ್ತಿ ಕೇಂದ್ರಗಳು ವಿರಳವಾಗಿದ್ದ ಆ ದಶಕಗಳಲ್ಲಿ ಇಂಥ ರಚನೆ ಒಂದು ಸಾಮಾಜಿಕ ಪರಿಣಾಮವನ್ನೂ ಉಂಟುಮಾಡಿತು: ಕೆಲವು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಒಂದು ಫೀಲರ್ ಗೇಜ್ ಇದ್ದರೆ ಮಾಲೀಕನೇ ಮೆಕ್ಯಾನಿಕ್ಕನಾಗಬಹುದಿತ್ತು. ಕಾರ್ಖಾನೆಯ ಇತಿಹಾಸವನ್ನು ಬರೆಯುವವರು ಸ್ಥಾಪಕರನ್ನು, ಉತ್ಪಾದನೆಯನ್ನು, ಮುಚ್ಚುಗಡೆಯನ್ನು ದಾಖಲಿಸುತ್ತಾರೆ. ಮನೆಗಳಲ್ಲಿ ಕೈಯಿಂದ ಕೈಗೆ ದಾಟಿದ ಈ ದುರಸ್ತಿಯ ತಿಳಿವಳಿಕೆ ಆ ಇತಿಹಾಸದ ಅರ್ಧಭಾಗವೇ ಆಗಿದ್ದರೂ ಅದಕ್ಕೆ ದೊರೆತಿರುವ ಪುಟಗಳು ತೀರ ಕಡಿಮೆ, ಮತ್ತು ಇದು ಸರಿಪಡಿಸಬೇಕಾದ ಕೊರತೆ.

ಆ ತಿಳಿವಳಿಕೆಯ ಮೊದಲ ಪಾಠ ವೈರಿಂಗ್. ಮೈಸೂರಿನ ಜಾವಾ ಮತ್ತು ಹೆಚ್ಚಿನ ಯೆಜ್ಡಿಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಎಂಜಿನ್ನಿನ ಬಲಬದಿಯಲ್ಲಿ, ಕ್ರ್ಯಾಂಕಿನ ತುದಿಗೇ ಕೂರಿಸಿದ ಡೈನಮೋ ನೇರ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಅದರ ತಿರುಗುವ ಭಾಗದ ತಾಮ್ರದ ಪಟ್ಟಿಗಳನ್ನು ಕಾರ್ಬನ್ ಬ್ರಶ್‌ಗಳು ಸವರುತ್ತ ವಿದ್ಯುತ್ತನ್ನು ಹೊರತರುತ್ತವೆ, ರೆಗ್ಯುಲೇಟರ್ ಎಂಬ ಪೆಟ್ಟಿಗೆ ಅದನ್ನು ಹದದಲ್ಲಿಟ್ಟು ಬ್ಯಾಟರಿಗೆ ಕಳಿಸುತ್ತದೆ. ಬ್ಯಾಟರಿಯಿಂದ ಇಗ್ನಿಷನ್ ಕಾಯಿಲಿಗೆ ಹೋಗುವ ವಿದ್ಯುತ್ತನ್ನು ಪಾಯಿಂಟ್ ಎಂದು ಕರೆಯುವ ಒಂದು ಜೊತೆ ಲೋಹದ ತುದಿಗಳು ಎಂಜಿನ್ನಿನ ಪ್ರತಿ ಸುತ್ತಿಗೂ ಕತ್ತರಿಸುತ್ತವೆ. ಕತ್ತರಿಸಿದ ಆ ಗಳಿಗೆಯಲ್ಲೇ ಕಾಯಿಲ್ ಸಾವಿರಾರು ವೋಲ್ಟಿನ ಕಿಡಿಯನ್ನು ಪ್ಲಗ್ಗಿಗೆ ಒಯ್ಯುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ ಇರಬೇಕಾದ ಅಂತರ 0.4 ಮಿಲಿಮೀಟರ್. ಪಕ್ಕದ ಕಂಡೆನ್ಸರ್ ಕೆಟ್ಟರೆ ಕಿಡಿ ಪ್ಲಗ್ಗಿನಲ್ಲಿ ಹಾರುವ ಬದಲು ಪಾಯಿಂಟಿನಲ್ಲೇ ಹಾರಿ ಅದನ್ನು ಸುಡುತ್ತದೆ.

ಆರು ವೋಲ್ಟಿನ ಕಷ್ಟವನ್ನು ಲೆಕ್ಕವೇ ತೋರಿಸುತ್ತದೆ. 35 ವ್ಯಾಟಿನ ಹೆಡ್‌ಲೈಟ್ ದೀಪ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆದರೆ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ವಿದ್ಯುತ್ ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ, ತುಕ್ಕುಹಿಡಿದ ಕೂಡುಗಳಲ್ಲಿ ಸೋರಿಹೋಗುವ ವೋಲ್ಟೇಜೂ ಇಮ್ಮಡಿ; ಇರುವ ವೋಲ್ಟೇಜೇ ಅರ್ಧವಾದ್ದರಿಂದ ನಷ್ಟದ ಪಾಲು ನಾಲ್ಕು ಪಟ್ಟು. ಆದ್ದರಿಂದಲೇ ಹಳೆಯ ಜಾವಾದ ದೀಪ ಮಂಕಾದಾಗ ಅನುಭವಿಗಳು ಡೈನಮೋವನ್ನು ಬಿಚ್ಚುವ ಮೊದಲು ಅರ್ತ್ ನೋಡುತ್ತಾರೆ. ಅರ್ತ್ ಎಂದರೆ ವಿದ್ಯುತ್ತು ಬ್ಯಾಟರಿಗೆ ಹಿಂತಿರುಗುವ ದಾರಿ. ಈ ವಾಹನಗಳಲ್ಲಿ ಅದು ಬೇರೆ ತಂತಿಯಾಗಿರದೆ ಚೌಕಟ್ಟಿನ ಲೋಹವೇ ಆಗಿರುತ್ತದೆ. ಮರುಜೋಡಣೆಯ ಉತ್ಸಾಹದಲ್ಲಿ ಚೌಕಟ್ಟಿಗೆ ದಪ್ಪನಾಗಿ ಬಣ್ಣ ಬಳಿಸಿದವರು ಈ ದಾರಿಯನ್ನೇ ಮುಚ್ಚಿಬಿಡುವುದುಂಟು, ಮತ್ತು ಬೋಲ್ಟಿನ ಅಡಿಯ ಒಂದು ರೂಪಾಯಿ ಅಗಲದ ಜಾಗವನ್ನು ಬರಿಯ ಲೋಹ ಕಾಣುವವರೆಗೆ ಉಜ್ಜಿದರೆ ಕಳೆದುಹೋದ ಬೆಳಕು ಹಿಂತಿರುಗುತ್ತದೆ.

ನಾಗಪುರದ ಹವೆ ಈ ತಂತಿಗಳಿಗೆ ಮೈಸೂರಿನಲ್ಲಿಲ್ಲದ ಪರೀಕ್ಷೆಯನ್ನು ಒಡ್ಡುತ್ತದೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ಬೇಸಗೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟುವುದೇ ಅಪರೂಪ. 310 ಮೀಟರ್ ಎತ್ತರದ ನಾಗಪುರದಲ್ಲಿ ಮೇ ತಿಂಗಳು 45 ಡಿಗ್ರಿ ದಾಟುವುದು ವಾಡಿಕೆ, 2013ರ ಮೇ 23ರಂದು 47.9 ಡಿಗ್ರಿ ದಾಖಲಾಗಿದೆ. ಟ್ಯಾಂಕಿನ ಅಡಿಯಲ್ಲಿ, ಎಂಜಿನ್ನಿನ ಕಾವೂ ಬಿಸಿಲಿನ ಕಾವೂ ಕೂಡುವ ಕಡೆಯಲ್ಲಿ ಹಾದುಹೋಗುವ ತಂತಿಗಳ ಹಳೆಯ ರಬ್ಬರು ಮತ್ತು ಪಿವಿಸಿ ಹೊದಿಕೆ ವರ್ಷಗಳು ಕಳೆದಂತೆ ಮೃದುತ್ವ ಕಳೆದುಕೊಂಡು, ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಬಿರುಕುಬಿಡುತ್ತದೆ. ಇಂಥ ತಂತಿಗೆ ಅಲ್ಲಲ್ಲಿ ಟೇಪು ಸುತ್ತುವುದು ಪರಿಹಾರವಲ್ಲ. ಹಳೆಯ ತಂತಿಕಟ್ಟನ್ನು ಇಡಿಯಾಗಿ ಹೊರತೆಗೆದು, ಹಲಗೆಯ ಮೇಲೆ ಹಾಸಿ, ಪ್ರತಿ ಎಳೆಯ ಉದ್ದ, ದಪ್ಪ, ಬಣ್ಣಗಳನ್ನು ಗುರುತಿಸಿಕೊಂಡು, ಅದೇ ಬಣ್ಣದ ಹೊಸ ತಂತಿಯಿಂದ ಮರಳಿ ಕಟ್ಟುವುದೇ ಸರಿಯಾದ ಕ್ರಮ. ತಂತಿಯ ಬಣ್ಣವನ್ನು ಉಳಿಸಿಕೊಳ್ಳುವುದು ಅಲಂಕಾರದ ಮಾತಲ್ಲ, ಮುಂದೆ ಆ ವಾಹನವನ್ನು ಬಿಚ್ಚುವವರಿಗೆ ಕಾರ್ಖಾನೆಯ ನಕ್ಷೆ ಅರ್ಥವಾಗುವುದು ಅದರಿಂದಲೇ.

ಎರಡನೆಯ ಪಾಠ ಕಾರ್ಬ್ಯುರೇಟರಿನದು, ಮತ್ತು ಇದು ಮೊದಲನೆಯದಕ್ಕಿಂತ ಸೂಕ್ಷ್ಮ. ಗಾಳಿ ಮತ್ತು ಪೆಟ್ರೋಲನ್ನು ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಈ ಸಾಧನ ಮೈಸೂರಿನ ವಾಹನಗಳಿಗೆ ಚೆಕ್ ಮೂಲದ ಜಿಕೋವ್ ಮಾದರಿಯಲ್ಲಿ ಬಂದಿತು. ಅದರ ಬಟ್ಟಲಿನಲ್ಲಿ ತೇಲುವ ಫ್ಲೋಟ್ ಒಂದು ಸೂಜಿಯನ್ನು ಎತ್ತಿ ಇಳಿಸುತ್ತ ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ. ಎಂಜಿನ್ ಗಾಳಿಯನ್ನು ಎಳೆದುಕೊಂಡಾಗ ಕಿರಿದಾದ ಕೊರಳಿನಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆಗ ಜೆಟ್ ಎಂಬ ಹಿತ್ತಾಳೆಯ ಬಿರಡೆಯಲ್ಲಿ ಕೊರೆದ ಕೂದಲೆಳೆಯಂಥ ರಂಧ್ರದಿಂದ ಪೆಟ್ರೋಲು ಚಿಮ್ಮುತ್ತದೆ. ಎಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಸ್ಲೈಡು, ಅದಕ್ಕೆ ಸಿಕ್ಕಿಸಿದ ಚೂಪಾದ ಕಡ್ಡಿ, ಆ ಕಡ್ಡಿಯ ತಲೆಯಲ್ಲಿ ಕ್ಲಿಪ್ ಕೂರುವ ಗೀರುಗಳು, ನಿಂತಲ್ಲಿ ಓಡುವ ಎಂಜಿನ್ನಿಗೆ ಗಾಳಿ ಹೊಂದಿಸುವ ತಿರುಪು, ತಣ್ಣಗಿನ ಬೆಳಗಿನಲ್ಲಿ ಫ್ಲೋಟನ್ನು ಒತ್ತಿ ಪೆಟ್ರೋಲು ಉಕ್ಕಿಸುವ ಟಿಕ್ಲರ್ ಗುಂಡಿ — ಹೆಚ್ಚು ಕಡಿಮೆ ಇಷ್ಟೇ ಇದರ ಸಂಸಾರ.

ವರ್ಷಗಟ್ಟಲೆ ನಿಂತ ವಾಹನದಲ್ಲಿ ಪೆಟ್ರೋಲು ಆವಿಯಾಗಿ ಉಳಿಯುವ ಅಂಟು ಮೊದಲು ಸಣ್ಣ ಜೆಟ್ಟನ್ನು ಕಟ್ಟುತ್ತದೆ. ಅದನ್ನು ಗಟ್ಟಿ ತಂತಿಯಿಂದ ಚುಚ್ಚಿ ಬಿಡಿಸಿದರೆ ರಂಧ್ರ ಹಿಗ್ಗಿ ಜೆಟ್ಟು ಶಾಶ್ವತವಾಗಿ ಕೆಡುತ್ತದೆ. ದ್ರಾವಣದಲ್ಲಿ ನೆನೆಸಿ ಗಾಳಿ ಊದುವುದೇ ಸುರಕ್ಷಿತ. ಕಟ್ಟಿಕೊಂಡ ಜೆಟ್ಟಿನ ಅಪಾಯ ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಇಮ್ಮಡಿಯೆಂಬುದನ್ನು ಇಲ್ಲಿ ಒತ್ತಿಹೇಳಬೇಕು. ಹಳೆಯ ಜಾವಾದಲ್ಲಿ ಸುಮಾರು 25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆಯನ್ನು ಟ್ಯಾಂಕಿನಲ್ಲೇ ಬೆರೆಸುವುದರಿಂದ ಪೆಟ್ರೋಲನ್ನು ಅಳೆಯುವ ಜೆಟ್ಟೇ ಪಿಸ್ಟನ್ನಿನ ಎಣ್ಣೆಯನ್ನೂ ಅಳೆಯುತ್ತದೆ. ಪೆಟ್ರೋಲು ಕಡಿಮೆಯಾದರೆ ಉರಿಯ ಕಾವು ಏರುತ್ತದೆ, ಅದೇ ಹೊತ್ತಿಗೆ ಎಣ್ಣೆಯೂ ಕಡಿಮೆಯಾಗುತ್ತದೆ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುತ್ತಿರುವುದು ಈ ಕಷ್ಟಕ್ಕೆ ಇನ್ನೊಂದನ್ನು ಸೇರಿಸಿದೆ. ಎಥನಾಲ್ ನೀರನ್ನು ಹೀರಿಕೊಂಡು ಸತುವಿನ ಮಿಶ್ರಲೋಹದ ಬಟ್ಟಲಿನಲ್ಲಿ ಬಿಳಿಯ ಪುಡಿಯಂಥ ತುಕ್ಕನ್ನು ಎಬ್ಬಿಸುತ್ತದೆ, ಹಳೆಯ ಕಾಲದ ರಬ್ಬರು ಕೊಳವೆಗಳನ್ನು ಉಬ್ಬಿಸುತ್ತದೆ. ವಾಹನವನ್ನು ವಾರಗಟ್ಟಲೆ ನಿಲ್ಲಿಸುವ ಮೊದಲು ಬಟ್ಟಲನ್ನು ಬರಿದುಮಾಡುವ ಅಭ್ಯಾಸ ಈಗ ಹಿಂದೆಂದಿಗಿಂತ ಅಗತ್ಯವಾಗಿದೆ.

ಋತುಮಾನವೂ ಈ ಲೆಕ್ಕದಲ್ಲಿ ಸೇರುತ್ತದೆ. ನಾಗಪುರದ 45 ಡಿಗ್ರಿಯ ಮಧ್ಯಾಹ್ನದ ಗಾಳಿಗಿಂತ ಅಲ್ಲಿಯದೇ ಡಿಸೆಂಬರಿನ 10 ಡಿಗ್ರಿಯ ಬೆಳಗಿನ ಗಾಳಿ ಶೇಕಡಾ 12ರಷ್ಟು ಹೆಚ್ಚು ಸಾಂದ್ರ. ಜೆಟ್ಟಿನ ರಂಧ್ರಕ್ಕೆ ಇದು ತಿಳಿಯದು. ಮೇ ತಿಂಗಳಲ್ಲಿ ಹದವಾಗಿದ್ದ ಮಿಶ್ರಣ ಡಿಸೆಂಬರಿನಲ್ಲಿ ಪೆಟ್ರೋಲು ಸಾಲದೆ ತೆಳುವಾಗುತ್ತದೆ, ಆಗ ಕಡ್ಡಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ ಕಡ್ಡಿಯನ್ನು ಮೇಲೆತ್ತಬೇಕಾಗುತ್ತದೆ. ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣ ನೋಡುವುದೇ ಇದಕ್ಕೆ ಸಾಕ್ಷಿ: ನಸುಗಂದು ಇದ್ದರೆ ಹದ, ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿಕೊಂಡಿದ್ದರೆ ಅಪಾಯ.

ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. 1985ರಲ್ಲಿ ಬಂದ ಹೀರೋ ಹೋಂಡಾದಂಥ 100 ಸಿಸಿ ವಾಹನಗಳ ಮೈಲೇಜ್, ಎಣ್ಣೆಯನ್ನೂ ಉರಿಸುವ ಟು-ಸ್ಟ್ರೋಕ್‌ಗಳಿಗೆ ದುಬಾರಿಯಾದ ಹೊಗೆಯ ನಿಯಮಗಳು, ಕಾರ್ಮಿಕ ಕಲಹ ಎಲ್ಲವೂ ಅದಕ್ಕೆ ಕಾರಣವಾದವು. ಹೊಸ ಬಿಡಿಭಾಗಗಳು ನಿಂತ ಮೇಲೆ ಮನೆಯ ದುರಸ್ತಿಯಲ್ಲಿ ಎರಡು ಪಂಥಗಳು ಹುಟ್ಟಿದವು. ಡೈನಮೋ ಕಿತ್ತು 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿ, ಜಿಕೋವ್ ಬದಲಿಗೆ ಮಿಕುನಿ ಮಾದರಿಯ ಕಾರ್ಬ್ಯುರೇಟರ್ ಹಾಕಿ ದಿನನಿತ್ಯ ಓಡಿಸುವುದು ಒಂದು. ಮೂಲವನ್ನು ಮೂಲದಂತೆಯೇ ಉಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದರ ಅನುಕೂಲ ಸ್ಪಷ್ಟ, ರಾತ್ರಿ ಹೆದ್ದಾರಿಯಲ್ಲಿ ಹೋಗಬೇಕಾದವರನ್ನು ಅದಕ್ಕಾಗಿ ದೂರುವಂತಿಲ್ಲ. ಆದರೂ ಚರಿತ್ರೆಯ ದೃಷ್ಟಿಯಿಂದ ಎರಡನೆಯ ಪಂಥದ ಪರವಾಗಿಯೇ ನಿಲ್ಲಬೇಕಾಗುತ್ತದೆ, ಏಕೆಂದರೆ ಮೈಸೂರಿನ ಕಾರ್ಖಾನೆ ಈಗ ಇಲ್ಲ, ಅಲ್ಲಿ ಏನನ್ನು ಹೇಗೆ ಮಾಡುತ್ತಿದ್ದರೆಂಬುದನ್ನು ಹೇಳಲು ಉಳಿದಿರುವುದು ಈ ಯಂತ್ರಗಳೇ. ತೀರ ಬದಲಿಸಲೇಬೇಕಾದವರೂ ಕಿತ್ತ ಡೈನಮೋವನ್ನೂ ಜಿಕೋವನ್ನೂ ಗುಜರಿಗೆ ಹಾಕದೆ ಎಣ್ಣೆ ಸವರಿ ಎತ್ತಿಡಬಹುದು.

ಕಾನೂನು ಕೂಡ ಈಗ ಭಾಗಶಃ ಇದೇ ಕಡೆ ವಾಲಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಆದ ತಿದ್ದುಪಡಿಯು ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯಕ್ಕಾಗಿ ಬಳಸದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿ, ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆಯನ್ನು ನೀಡುತ್ತದೆ; ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವಿದೆ. ಚಾಸಿ, ದೇಹ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದೆಂಬುದು ಷರತ್ತು. ತಂತಿ, ಕಾರ್ಬ್ಯುರೇಟರುಗಳ ನಿರ್ಧಾರ ಹೆಚ್ಚಾಗಿ ಮಾಲೀಕನ ವಿವೇಕಕ್ಕೇ ಉಳಿದಿದೆ. ಯಾದವಗಿರಿಯ ಮೊದಲ ಜಾವಾಗಳು ಈ ವಯಸ್ಸನ್ನು ಎಂದೋ ದಾಟಿವೆ. ನಾಗಪುರದಲ್ಲಾಗಲಿ ಮೈಸೂರಿನಲ್ಲಾಗಲಿ ನೋಂದಣಿಯಾದ ಮೊದಲ ರೋಡ್‌ಕಿಂಗ್‌ಗಳು 2028ರಿಂದ ಅದರ ವ್ಯಾಪ್ತಿಗೆ ಬರಲಿವೆ.